ಮರಳಿನ ಕಾವು

ಆಷಾಢದ ಗಾಳಿ ಎದ್ದಿದ್ದ ಒಂದು ಸೋಮವಾರ, ಇನ್ನೂ ಬೆಳಕು ಹರಿಯದ ಹೊತ್ತು. ಕವನ ಹಿತ್ತಿಲ ಒಲೆಯಿಂದ ಉರಿಯುವ ಹಿಪ್ಪುನೇರಳೆ ಕಡ್ಡಿಗಳನ್ನು ಎಳೆದೆಳೆದು ನೆಲಕ್ಕೆ ಹಾಕಿ ನೀರು ಚೆಲ್ಲುತ್ತಿದ್ದಳು. ಅವಳ ಬೆನ್ನ ಹಿಂದೆ ಗಂಡ ಶಶಿಕಿರಣ್ ಮತ್ತು ಮಾವ ಗವಿಸಿದ್ದಯ್ಯ ಸೇರಿ ಅತ್ತೆ ಬಸವಲಿಂಗಮ್ಮನನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಒಲೆಯ ಮುಂದೆ ಕೂತಲ್ಲೇ ಮುದುಕಿ ಪಕ್ಕಕ್ಕೆ ವಾಲಿದ್ದಳು. ಸೆರಗಿನ ತುದಿ ಬೆಂಕಿಯ ಹತ್ತಿರಕ್ಕೆ ಬಂದಿತ್ತು, ಹತ್ತಿಕೊಂಡಿರಲಿಲ್ಲ ಅಷ್ಟೆ. ಒಲೆಯ ಮೇಲೆ ಮರಳು ತುಂಬಿದ ದೊಡ್ಡ ದಬರಿ ಮುಚ್ಚಳ ಹಾಕಿಕೊಂಡು ಹಾಗೇ ಕೂತಿತ್ತು. ಸೋಮವಾರ ಬೆಳಿಗ್ಗೆ ಅವಳು ಮರಳಿನಲ್ಲಿ ಕಡಲೆಕಾಯಿ ಹುರಿಯುವುದು ಮನೆಯವರಿಗೆಲ್ಲ ರೂಢಿಯಾಗಿ ಹೋಗಿದ್ದರಿಂದ ಯಾರೂ ಅದರ ಕಡೆ ನೋಡಲಿಲ್ಲ.

ಬಿಡದಿಯಿಂದ ಡಾಕ್ಟರನ್ನು ಕರೆತಂದರು. ಅವರು ಕಣ್ಣು ಬಿಡಿಸಿ ನೋಡಿ, ಎದೆಯ ಮೇಲೆ ಕೊಳವೆ ಇಟ್ಟು, ಪ್ರಾಣ ಹೋಗಿ ಒಂದು ಗಂಟೆಯೇ ಆಗಿರಬೇಕು ಎಂದರು. ಕೊಳವೆ ಇಡುವಾಗ ಅವಳ ಕೊರಳಿನ ದಾರದಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿದರು. ಬಾಗಿಲಲ್ಲಿ ನಿಂತಿದ್ದ ಕವನಳಿಗೆ ಅಳು ಬರುವುದಕ್ಕೆ ಮೊದಲು ಭಯ ಬಂತು.

ಆ ಮನೆಯವರು ಚಿಕ್ಕಂದಿನಲ್ಲಿ ಕೊರಳಿಗೆ ಕಟ್ಟಿಸಿಕೊಂಡ ಲಿಂಗವನ್ನು ಸಾಯುವವರೆಗೆ ತೆಗೆಯುವವರಲ್ಲ. ಸತ್ತ ಮೇಲೆ ಕುಣಿಯಲ್ಲಿ ಕೂರಿಸಿ, ಎಲ್ಲರ ಕಣ್ಣ ಮುಂದೆ ಕರಡಿಗೆ ಬಿಚ್ಚಿ, ಅದೇ ಲಿಂಗವನ್ನು ಎಡಗೈಯಲ್ಲಿ ಇಟ್ಟು ಮಣ್ಣು ಮಾಡಬೇಕು. ಬಸವಲಿಂಗಮ್ಮನ ಕರಡಿಗೆಯಲ್ಲಿ ಲಿಂಗ ಇಲ್ಲ ಎಂಬುದು ಈಗ ಬದುಕಿರುವವರಲ್ಲಿ ಕವನ ಒಬ್ಬಳಿಗೇ ಗೊತ್ತಿತ್ತು. ಅದು ಎಲ್ಲಿದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

*

ಅದು ಶುರುವಾದದ್ದು ಮೂರು ವರ್ಷದ ಹಿಂದೆ, ಕವನ ಬಸುರಿಯಾಗಿದ್ದಾಗ. ಕಾರು ಕಾರ್ಖಾನೆ ಬಂದ ಮೇಲೆ ಸುತ್ತ ಸಣ್ಣಪುಟ್ಟ ಕಾರ್ಖಾನೆಗಳು ಎದ್ದಿದ್ದವು. ಅಂಥ ಒಂದು ಕಾರ್ಖಾನೆಯ ಅತಿಥಿಗೃಹದಲ್ಲಿ ಶಶಿಕಿರಣ್ ಡ್ರೈವರ್. ಹೊರದೇಶದಿಂದ ಬಂದ ಇಂಜಿನಿಯರುಗಳನ್ನು ವಿಮಾನ ನಿಲ್ದಾಣದಿಂದ ತಂದು ಬಿಡುವುದು ಅವನ ಕೆಲಸ. ಒಂದು ಸಲ ಅಲ್ಲಿನ ಅಡುಗೆಯವನು ತಾಜ್ ಪಾಷಾ ಡಬ್ಬಿಗೆ ಹಾಕಿಕೊಟ್ಟ ಮ್ಯಾಕರೋನಿಯನ್ನು ಶಶಿಕಿರಣ್ ಮನೆಗೆ ತಂದಿದ್ದ. ಮೇಲೆ ಕಂದಗೆ ಬೆಂದ ಕೆನೆ, ಒಳಗೆ ಬೆಳ್ಳಗೆ ಮೆತ್ತಗೆ. ಕವನ ನಾಲ್ಕು ತುತ್ತು ತಿಂದಿದ್ದಳು. ಐದನೇ ತಿಂಗಳಲ್ಲಿ ಏನೂ ಸೇರದೆ ಮಲಗಿದ್ದಾಗ ಅವಳಿಗೆ ಬೇಕೆನಿಸಿದ್ದು ಅದೊಂದೇ.

ಕೇಳಲು ನಾಚಿಕೊಂಡು ಗಂಡನ ಹತ್ತಿರ ಹೇಳಿದಳು, ಅವನು ತಾಯಿಯ ಹತ್ತಿರ ಹೇಳಿದ. ಬಸವಲಿಂಗಮ್ಮ ನಗಲಿಲ್ಲ. ಬಸುರಿ ಬಯಸಿದ್ದು ಕೊಡದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ಅವಳು ನಂಬಿದ್ದಳು. ಅವಳ ಸ್ವಂತ ತಮ್ಮನಿಗೆ ಸಾಯುವವರೆಗೂ ಕಿವಿ ಸೋರುತ್ತಿತ್ತು. ಆದರೆ ಹೊರಗೆ ಮಾಡಿದ ಅಡುಗೆಯನ್ನು ಎರಡನೇ ಸಲ ಮನೆಗೆ ತರುವುದು ಅವಳಿಗೆ ಇಷ್ಟವಿರಲಿಲ್ಲ. ಒಂದು ಸಂಜೆ ತಾಜ್ ಪಾಷಾನನ್ನು ಅತಿಥಿಗೃಹದ ಗೇಟಿನ ಹತ್ತಿರ ನಿಲ್ಲಿಸಿಕೊಂಡು, ಮಾಡುವುದು ಹೇಗೆ ಎಂದು ಕೇಳಿದಳು. ಅವನು ನಿಧಾನವಾಗಿ ಹೇಳಿದ. ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಬಿಡಬೇಕು, ಗಂಟಾಗಬಾರದು. ಬೆಂದ ಮ್ಯಾಕರೋನಿ ಹಾಕಬೇಕು, ಚೀಸು ತುರಿದು ಹಾಕಬೇಕು, ಆಮೇಲೆ ಓವನ್ನು. ಚೀಸಿನ ಗಟ್ಟಿ ಫ್ರಿಜ್ಜಿನ ಕೆಳಗಿನ ಗೂಡಿನಲ್ಲಿದೆ, ಶಶಿಗೆ ಹೇಳಿರುತ್ತೇನೆ, ತೆಗೆದುಕೊಂಡು ಬರಲಿ ಎಂದ.

ಓವನ್ನು ಎಂದರೆ ಏನೆಂದು ಅವಳು ಮತ್ತೆ ಕೇಳಿದಳು. ಮೇಲೂ ಕೆಳಗೂ ಕಾವು ಅಮ್ಮಾ, ಬೆಂಕಿ ಮುಟ್ಟಬಾರದು, ಕಾವು ಮಾತ್ರ ಮುಟ್ಟಬೇಕು ಎಂದ ಅವನು.

ಅಷ್ಟು ಅವಳಿಗೆ ಸಾಕಾಯಿತು. ಭಾನುವಾರ ಹಿತ್ತಿಲ ಒಲೆಯ ಮೇಲೆ ದೊಡ್ಡ ದಬರಿ ಇಟ್ಟು, ಜರಡಿ ಹಿಡಿದು ತೊಳೆದು ಒಣಗಿಸಿದ ಮರಳನ್ನು ತಳಕ್ಕೆ ಸುರಿದಳು. ಇನ್ನೊಂದು ಪಾತ್ರೆಯಲ್ಲಿ ಬೆಣ್ಣೆ ಕಾಯಿಸಿ, ಮೈದಾದ ಹಸಿ ವಾಸನೆ ಹೋಗುವವರೆಗೆ ಹುರಿದಳು. ಹಾಲು ಬಿಡುವಾಗ ಅಂಬಲಿ ಕದಡುವಂತೆ ಒಂದೇ ದಿಕ್ಕಿಗೆ ಕೈಯಾಡಿಸಿದಳು. ಮೆಣಸು ಕುಟ್ಟಿ ಹಾಕಿದಳು. ಶಶಿಕಿರಣ್ ತಂದ ಕೆಂಪು ಮೇಣದ ಗಟ್ಟಿಯನ್ನು ಬಿಡಿಸಿ ತುರಿಯುವಾಗ ಮೂಗಿಗೆ ಒಂದು ಥರ ಬಂತು, ಹುಳಿ ಮೊಸರಿನದಿರಬೇಕು ಎಂದುಕೊಂಡಳು. ಎಲ್ಲ ಕಲಸಿ ಅಗಲವಾದ ಹಿತ್ತಾಳೆ ತಟ್ಟೆಗೆ ಹರಡಿ, ಮೇಲೆ ರಸ್ಕು ಪುಡಿ ಉದುರಿಸಿ, ಕಾದ ಮರಳಿನ ಮೇಲೆ ಕೂರಿಸಿದಳು. ದಬರಿಗೆ ಮುಚ್ಚಳ ಹಾಕಿ ಮುಚ್ಚಳದ ಮೇಲೆ ಕೆಂಡ ಹರಡಿದಳು.

ಗವಿಸಿದ್ದಯ್ಯ ಬಂದು ಇಣುಕಿ, "ಇದೇನ್ಲಾ ಶಶಿ, ನಿಮ್ಮವ್ವ ರೇಷ್ಮೆ ಹುಳ ಬೇಯ್ಸವ್ಳೆ?" ಎಂದ.

"ಬೇಡ್ದಿದ್ರೆ ಬುಡು, ನಿಂಗೆ ನಿನ್ನೆ ಸಾರೈತೆ," ಎಂದಳು ಬಸವಲಿಂಗಮ್ಮ.

ಅವನು ಎರಡು ಸಲ ಹಾಕಿಸಿಕೊಂಡ. ಚಮಚ ಎತ್ತಿದಂತೆ ನೂಲು ಎದ್ದು ಬರುವುದನ್ನು ನೋಡಿ, ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹಾಕಿದರೆ ಒಳ್ಳೆ ರೇಟು ಬರುತ್ತದೆ ಎಂದು ಎಲ್ಲರನ್ನೂ ನಗಿಸಿದ. ಕವನ ತಟ್ಟೆಯ ಅಂಚಿಗೆ ಹತ್ತಿದ್ದನ್ನೂ ಕೆರೆದು ತಿಂದಳು. ಅದಕ್ಕೂ ಮೊದಲು, ಆ ಮನೆಯಲ್ಲಿ ಯಾವಾಗಲೂ ಮಾಡುವಂತೆ, ಬಸವಲಿಂಗಮ್ಮ ಮೊದಲ ತುತ್ತನ್ನು ತನ್ನ ಲಿಂಗಕ್ಕೆ ತೋರಿಸಿ, ಕಣ್ಣಿಗೊತ್ತಿಕೊಂಡು, ಆಮೇಲೆ ಎಲ್ಲರಿಗೂ ಬಡಿಸಿದ್ದಳು.

*

ಬಿಸಿಲು ಏರುವ ಹೊತ್ತಿಗೆ ಗವಿಸಿದ್ದಯ್ಯನ ಅಕ್ಕ ಚೆನ್ನಾಜಮ್ಮ ಸಾತನೂರಿನಿಂದ ಬಂದಳು. ಬಂದವಳೇ ಅತ್ತಳು, ಅತ್ತು ಮುಗಿಸಿ ಸೆರಗು ಸಿಕ್ಕಿಸಿಕೊಂಡು ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡಳು. ಮಠದ ಅಯ್ಯನವರಿಗೆ ಹೇಳಿಕಳಿಸಿದ್ದೀರಾ, ಬಿಲ್ವಪತ್ರೆ ಬಂತೇ, ಉಪ್ಪು ಬಂತೇ ಎಂದು ಒಂದೊಂದನ್ನೂ ಕೇಳಿದಳು. ಪಕ್ಕದ ಮನೆಯ ಮುನಿಶಾಮಯ್ಯ ಆಳುಗಳನ್ನು ಕರೆದುಕೊಂಡು ಕುಣಿ ತೋಡಿಸಲು ಹೋಗಿದ್ದಾನೆ ಎಂದು ತಿಳಿದ ಮೇಲೆ ಹೆಣಕ್ಕೆ ನೀರು ಹಾಕಲು ಬಂದಳು.

ಮೈ ಒರೆಸುವಾಗ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ತೂಗಿದಳು.

"ಹಗುರವಾಗೈತಲ್ಲೇ ಇದು."

"ಹಳೇದು ಅತ್ತೆ," ಎಂದಳು ಕವನ. "ಬೆಳ್ಳಿ ಸವೆದೈತೆ." ಅಷ್ಟು ಹೇಳಿ ಕರಡಿಗೆಯನ್ನು ಅವಳ ಕೈಯಿಂದ ತಾನೇ ತೆಗೆದುಕೊಂಡು ಹೆಣದ ಎದೆಯ ಮೇಲೆ ಇಟ್ಟಳು.

ಚೆನ್ನಾಜಮ್ಮ ಕರಡಿಗೆ ಬಿಟ್ಟುಕೊಟ್ಟಳು, ಆದರೆ ಬಾಯಿ ಸುಮ್ಮನಿರಲಿಲ್ಲ. ಸೀರೆ ಉಡಿಸುತ್ತಾ ಉಳಿದ ಹೆಂಗಸರಿಗೆ ಕತೆ ಹೇಳತೊಡಗಿದಳು. "ಮಾಗಡಿ ಕಡೆ ನಮ್ಮ ಓರಗಿತ್ತಿ ತವರಲ್ಲಿ ಒಬ್ಬಳು ಸತ್ಲು. ಕುಣಿಗೆ ಕೂರ್ಸಿ ಕರಡಿಗೆ ಬಿಚ್ಚುದ್ರೆ ಒಳಗೆ ಹತ್ತಿ ಉಂಡೆ. ಅಯ್ಯನೋರು ಎದ್ದು ಹೊಂಟೋದ್ರು. ಹೊತ್ತು ಮುಳುಗೋಗಂಟ ಹೆಣ ಕುಣಿಲೇ ಕೂತಿತ್ತು. ಆ ಮನೇಲಿ ಇವತ್ಗೂ ಯಾರೂ ನೀರು ಮುಟ್ಟಲ್ಲ ಕಣವ್ವ."

ಒಬ್ಬಳು ಲಿಂಗ ಎಲ್ಲಿ ಹೋಗಿತ್ತು ಎಂದು ಕೇಳಿದಳು. ಚೆನ್ನಾಜಮ್ಮ, "ಅದ ಕೇಳೋಕೆ ಅವ್ಳು ಬದುಕಿದ್ಲಾ?" ಎಂದಳು. ಆಮೇಲೆ ಕವನಳ ಕಡೆ ತಿರುಗಿ, "ನಿನ್ನ ಕಣ್ಣಲ್ಲಿ ಒಂದು ಹನಿ ಇಲ್ಲವಲ್ಲೇ? ನಿನ್ನ ಕಾಲು ಮುಳ್ಳು ತುಳೀದಂಗೆ ನೋಡ್ಕಂಡಿದ್ಲು ನನ್ನ ನಾದಿನಿ," ಎಂದಳು.

ಹೂವು ತರುತ್ತೇನೆಂದು ಎದ್ದು ಕವನ ದೇವರ ಕೋಣೆಗೆ ಹೋದಳು. ಗೂಡಿನಲ್ಲಿ ಕೈಯಾಡಿಸಿದಳು. ಅತ್ತೆಯ ಟ್ರಂಕು ತೆಗೆದು ಸೀರೆಗಳ ಮಡಿಕೆಯಲ್ಲಿ ಹುಡುಕಿದಳು. ರಾಗಿ ತುಂಬಿದ ಮಣ್ಣಿನ ವಾಡೆಗೆ ಮೊಣಕೈವರೆಗೆ ಕೈ ಇಳಿಸಿದಳು. ದಿಂಬಿನ ಹೊಲಿಗೆ ಬಿಚ್ಚಿದಳು. ಅಟ್ಟದ ಮೇಲಿದ್ದ ಬಾಣಂತಿ ಸಾಮಾನಿನ ಗಂಟಿನಲ್ಲೂ ಇರಲಿಲ್ಲ. ಹೊರಗೆ ಆಟೋ ನಿಂತ ಸದ್ದಾಯಿತು. ಅಯ್ಯನವರು ಬಂದರು ಎಂದು ಯಾರೋ ಅಂದರು.

*

ಕೂಸು ಹುಟ್ಟಿ ಮೂರು ತಿಂಗಳಾಗಿತ್ತು. ತಾಜ್ ಪಾಷಾ ಚನ್ನಪಟ್ಟಣದ ಮರದ ಗಿಲಕಿ ಹಿಡಿದುಕೊಂಡು ನೋಡಲು ಬಂದಿದ್ದ. ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ, ನಾಮಕರಣಕ್ಕೆ ಇನ್ನೊಂದು ಸಲ ಅದನ್ನು ಮಾಡಬೇಕು ಎಂದು ಬಸವಲಿಂಗಮ್ಮ ಹೇಳಿದಾಗ ಅವನಿಗೆ ಸಂತೋಷವಾಯಿತು. ಹಿಂದಿನ ಸಲ ತೆಗೆದಿಟ್ಟ ಗಟ್ಟಿಯನ್ನು ಶಶಿ ಮರೆತೇಬಿಟ್ಟಿದ್ದ, ಅದು ಕೆಳಗಿನ ಗೂಡಿನಲ್ಲೇ ಕೂತಿತ್ತು, ಅಂಗಡಿಯಿಂದ ತಂದು ಮಾಡಿದಿರೇನೋ ಎಂದು ಕೇಳಿದ.

"ಇಲ್ವಲ್ಲಪ್ಪ. ಕೆಂಪು ಮೇಣ ಸುತ್ತಿದ್ದ ಗಟ್ಟಿ ತಂದುಕೊಟ್ಟ."

ತಾಜ್ ಪಾಷಾ ಲೋಟ ಕೆಳಗಿಟ್ಟ. ಅವಳು ಬಿಡದೆ ಕೇಳಿದ ಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದ. ತಾನು ತೆಗೆದಿಟ್ಟದ್ದು ಇಲ್ಲಿಯದು, ಹಸಿರು ಚುಕ್ಕೆಯದು. ಮೇಲಿನ ಗೂಡಿನಲ್ಲಿದ್ದ ಕೆಂಪು ಮೇಣದ್ದು ಹೊರದೇಶದವರು ತಂದುಕೊಂಡದ್ದು. ಅದಕ್ಕೆ ಹಾಲು ಒಡೆಯಲು ಹೆಪ್ಪು ಹಾಕುವುದು ಎಳಗರುವಿನ ಹೊಟ್ಟೆಯೊಳಗಿನ ಪೊರೆಯಿಂದ.

ಒಳಗೆ ಕೂಸಿಗೆ ಹಾಲು ಕೊಡುತ್ತಿದ್ದ ಕವನಳಿಗೆ ಇದೆಲ್ಲ ಕೇಳಿಸಿತು. ಆಮೇಲೆ ತಾಜ್ ಪಾಷಾನ ದನಿ ಬಂತು. "ಅಮ್ಮಾ, ಅಲ್ಲಾನ ಆಣೆ, ನಾನು ಕೊಟ್ಟಿದ್ದಲ್ಲ. ಊರೋರಿಗೆ ಗೊತ್ತಾದ್ರೆ ನನ್ನ ಮಾತು ಯಾರು ಕೇಳ್ತಾರೆ?"

"ಯಾರಿಗೂ ಗೊತ್ತಾಗಲ್ಲ," ಎಂದಳು ಬಸವಲಿಂಗಮ್ಮ. "ಈ ಮಾತು ಇಲ್ಲಿಗೇ ಮುಗೀತು. ಕಾಫಿ ಆರೋಯ್ತದೆ, ಕುಡಿ."

ಅವನು ಹೋದ ಮೇಲೆ ಒಳಗೆ ಬಂದು ಸೊಸೆಯ ಮುಖ ನೋಡಿ, ಕೇಳಿಸಿಕೊಂಡಿದ್ದಾಳೆ ಎಂದು ತಿಳಿದಳು. ಶಶಿಗೆ ಮಾತ್ರ ಹೇಳಬೇಡ ಎಂದಳು. ಹೆತ್ತವಳಿಗೆ ಇಂಥದ್ದು ಉಣ್ಣಿಸಿದೆ ಎಂದು ಸಾಯುವವರೆಗೂ ಕೊರಗುತ್ತಾನೆ ಎಂದಳು.

"ನಾನೂ ಉಂಡೆನಲ್ಲ ಅವ್ವ. ಎಲ್ಲರೂ ಉಂಡ್ರಲ್ಲ."

"ನೀವು ಅರೀದೆ ಉಂಡ್ರಿ. ಕೈಯಾರ ಮಾಡ್ದೋಳು ನಾನು, ಲಿಂಗಕ್ಕೆ ತೋರ್ಸಿ ಬಡಿಸ್ದೋಳು ನಾನು. ನನ್ನ ಮೇಲೇ ಇರ್ಲಿ."

ನಾಮಕರಣಕ್ಕೆ ಅವಳು ಪಾಯಸ ಮಾಡಿದಳು. ಮ್ಯಾಕರೋನಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಕೆಲವು ದಿನದ ಮೇಲೆ ಒಂದು ಬೆಳಿಗ್ಗೆ ದೀಪದ ಎಣ್ಣೆ ಕೊಡಲು ಹೋದ ಕವನ, ಕಣ್ಣು ಮುಚ್ಚಿ ಪೂಜೆಗೆ ಕೂತಿದ್ದ ಅತ್ತೆಯ ಎಡಗೈಯನ್ನು ನೋಡಿದಳು. ಅಂಗೈಯಲ್ಲಿ ಇದ್ದದ್ದು ಒಂದು ವಿಭೂತಿ ಉಂಡೆ. ಎಣ್ಣೆಯ ಬಟ್ಟಲು ಅವಳ ಕೈಯಿಂದ ಜಾರಿತು. ಬಸವಲಿಂಗಮ್ಮ ಕಣ್ಣು ತೆರೆದಳು.

"ಇರೋ ಕಡೆ ಐತೆ ಬುಡು," ಎಂದಳು. "ಶುದ್ಧ ಆಗ್ಲಿ. ಆಮ್ಯಾಕೆ ಕಟ್ಕತೀನಿ."

ಯಾವಾಗ ಶುದ್ಧವಾಗುತ್ತದೆ ಎಂದು ಕವನ ಕೇಳಲಿಲ್ಲ. ಅಂದಿನಿಂದ ಅತ್ತೆಗೆ ಸಣ್ಣ ಕೆಮ್ಮು ಬಂದರೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

*

ಅಯ್ಯನವರಿಗೆ ಕಾಲು ತೊಳೆಯಲು ನೀರು ಬೇಕಾಯಿತು. ಕವನ ಬಿಂದಿಗೆ ಹಿಡಿದು ಹಿತ್ತಿಲಿಗೆ ಬಂದಳು. ಅಲ್ಲಿ ಗೋಡೆಯಾಚೆ ಶಶಿಕಿರಣ್‌ನ ದನಿ ಕೇಳಿಸಿತು. ಬಂದವರ ಜೊತೆ ಬೆರೆಯದೆ ಬೇಲಿಯ ಹತ್ತಿರ ನಿಂತಿದ್ದ ತಾಜ್ ಪಾಷಾನ ಜೊತೆ ಅವನು ಮಾತಾಡುತ್ತಿದ್ದ.

"ಒಂದೇ ಸಲ ಮಾಡುದ್ಲು ನೋಡು ಪಾಷಾ. ಎಷ್ಟ್ ಚೆನ್ನಾಗಿತ್ತು. ಆಮೇಲೆ ನಾನು ಎಷ್ಟ್ ಕೇಳುದ್ರೂ ಮಾಡ್ಲಿಲ್ಲ ಅವ್ವ. ಯಾಕೆ ಅಂತಾನೂ ಹೇಳ್ಲಿಲ್ಲ."

ತಾಜ್ ಪಾಷಾ ಏನೋ ಗೊಣಗಿದ, ಕವನಳಿಗೆ ಕೇಳಿಸಲಿಲ್ಲ. ಗೋಡೆಯ ಕಡೆ ಬಗ್ಗಿ ಅವಳು ಒಲೆಯ ಕಟ್ಟೆಗೆ ಕೈ ಊರಿದಳು. ಕೈ ದಬರಿಗೆ ತಗುಲಿತು. ಬೆಚ್ಚಗಿತ್ತು. ಕಡ್ಡಿ ಎಳೆದು ಹಾಕಿದ್ದರೂ ಬೂದಿಯೊಳಗೆ ಕೆಂಡ ಉಳಿದಿರಬೇಕು.

ಮುಚ್ಚಳ ತೆಗೆದಳು. ಬರಿಯ ಮರಳು. ಒಂದು ಕಡಲೆಕಾಯಿಯೂ ಇರಲಿಲ್ಲ.

ಆಷಾಢದಲ್ಲಿ ಕಡಲೆಕಾಯಿ ಎಲ್ಲಿಂದ ಬರಬೇಕು? ಮನೆಯಲ್ಲಿದ್ದದ್ದೆಲ್ಲ ಬಿತ್ತನೆಗೆ ಹೋಗಿತ್ತು. ಕವನ ಹಿಂದಕ್ಕೆ ನೆನೆದುಕೊಂಡಳು. ಸೋಮವಾರ ಅತ್ತೆಗೆ ಉಪವಾಸ. ಇಷ್ಟು ವರ್ಷದಲ್ಲಿ ಸೋಮವಾರದ ದಿನ ಹುರಿದ ಕಡಲೆಕಾಯಿಯನ್ನು ಈ ಮನೆಯಲ್ಲಿ ಯಾರಾದರೂ ತಿಂದದ್ದು ಉಂಟೇ? ಅವಳಿಗೆ ಒಂದು ಸಲವೂ ನೆನಪಾಗಲಿಲ್ಲ.

ಎರಡೂ ಕೈ ಮರಳಿಗೆ ಇಳಿಸಿದಳು. ಮೇಲೆ ಬೆಚ್ಚಗಿತ್ತು, ತಳದಲ್ಲಿ ಸುಡುತ್ತಿತ್ತು. ಬೆರಳಿಗೆ ಏನೋ ತಗುಲಿದಾಗ ಕೈ ಹಿಂದಕ್ಕೆ ತೆಗೆದಳು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮತ್ತೆ ಇಳಿಸಿ, ಮೇಲಕ್ಕೆ ತೆಗೆದಳು.

ಲಿಂಗದ ಮೇಲೆ ಹೊಳೆಯುವ ಕಪ್ಪು ಲೇಪ ಇರುತ್ತದೆ. ಇದರ ಮೇಲೆ ಅದರ ಗುರುತೂ ಇರಲಿಲ್ಲ. ವಾರ ವಾರವೂ ಕಾದು ಕಾದು ಲೇಪವೆಲ್ಲ ಉರಿದುಹೋಗಿ, ಒಳಗಿನ ಬೂದು ಬಣ್ಣದ ಕಲ್ಲು ಮಾತ್ರ ಉಳಿದಿತ್ತು. ಸಿಪ್ಪೆ ಸುಲಿದ ಬೀಜದ ಹಾಗೆ ಬತ್ತಲೆಯಾಗಿತ್ತು ಅದು. ಕವನಳಿಗೆ ಸಿಕ್ಕಿತಲ್ಲ ಎಂಬ ಸಮಾಧಾನಕ್ಕಿಂತ, ಇದನ್ನು ನೋಡಿದರೆ ಏನೆನ್ನುತ್ತಾರೋ ಎಂಬ ಹೊಸ ಭಯ ಹುಟ್ಟಿತು.

"ನೀರು ತರಕ್ಕೆ ಕೆರೆಗೆ ಹೋದ್ಲಾ?" ಎಂದು ಒಳಗಿನಿಂದ ಚೆನ್ನಾಜಮ್ಮ ಕೂಗಿದಳು.

ಜಗಲಿಯ ಮೇಲೆ ಬಸವಲಿಂಗಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ಹಾರದ ಕೆಳಗೆ ಕರಡಿಗೆ. ಹೆಣ ಕೂರಿಸಿ ಹೊರುವ ವಿಮಾನ ಕಟ್ಟಿ ಮುಗಿದಿತ್ತು. ಗಂಡಸರು ಎತ್ತಲು ಸುತ್ತ ಬಂದು ನಿಂತಿದ್ದರು. ಕವನ ಬಿಂದಿಗೆಯನ್ನು ಹೊಸ್ತಿಲಲ್ಲೇ ಇಟ್ಟು, ಯಾರ ಮುಖವನ್ನೂ ನೋಡದೆ ನಡೆದುಹೋಗಿ ಅತ್ತೆಯ ಮೇಲೆ ಬಿದ್ದಳು. ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡು ತಲೆಯ ಮೇಲಿಂದ ಸೆರಗು ಎಳೆದುಕೊಂಡು ಗೋಳಾಡಿದಳು. ಸೆರಗಿನ ಒಳಗೆ ಅವಳ ಬೆರಳುಗಳು ಕರಡಿಗೆಯ ತಿರುಪು ಹುಡುಕುತ್ತಿದ್ದವು. ತಿರುಪು ಬಿಗಿಯಾಗಿತ್ತು. ಉಗುರು ಮುರಿಯಿತು. ಯಾರೋ ಬಂದು ಅವಳ ತೋಳು ಹಿಡಿದು ಎಬ್ಬಿಸಲು ನೋಡಿದರು.

"ಬುಡ್ರವ್ವ, ಅಳ್ಲಿ," ಎಂದಳು ಚೆನ್ನಾಜಮ್ಮ. "ಬೆಳಗಿಂದ ಕಲ್ಲಾಗಿದ್ಲು."

ತಿರುಪು ಬಿಚ್ಚಿಕೊಂಡಿತು. ವಿಭೂತಿ ಉಂಡೆ ಅವಳ ಅಂಗೈಗೆ ಬಿತ್ತು, ಸೆರಗಿನ ತುದಿಯಲ್ಲಿ ಸುತ್ತಿಕೊಂಡಿದ್ದ ಕಲ್ಲು ಒಳಗೆ ಹೋಯಿತು. ಮುಚ್ಚಳ ತಿರುಗಿಸಿದಳು. ಅಷ್ಟರಲ್ಲಿ ಅವಳ ಕೆನ್ನೆ ಅತ್ತೆಯ ತಣ್ಣನೆಯ ಕೆನ್ನೆಗೆ ತಗುಲಿತ್ತು. ಕೈಯ ಕೆಲಸ ಮುಗಿದರೂ ಅವಳ ಗೋಳು ನಿಲ್ಲಲಿಲ್ಲ. ನಿಲ್ಲಿಸಲು ಅವಳಿಗೇ ಆಗಲಿಲ್ಲ. ಇಬ್ಬರು ಹೆಂಗಸರು ಬಿಡಿಸಬೇಕಾಯಿತು.

*

ಹೊಲವೆಲ್ಲ ಕಾರ್ಖಾನೆಗೆ ಹೋಗಿ, ಹಿರಿಯರ ಗದ್ದುಗೆಗಳಿದ್ದ ಒಂದು ಚೂರು ಮಾತ್ರ ಕಾಂಪೌಂಡಿನ ಪಕ್ಕ ಉಳಿದಿತ್ತು. ಕುಣಿ ಅಲ್ಲಿ. ಕೂರಿಸುವ ಹೊತ್ತಿಗೆ ಪಾಳಿ ಬದಲಾಗುವ ಸೈರನ್ ಕೂಗಿತು. ಅದು ಮುಗಿಯುವವರೆಗೆ ಅಯ್ಯನವರು ಮಂತ್ರ ನಿಲ್ಲಿಸಿಕೊಂಡು ಕಾದರು. ಆಮೇಲೆ ಕುಣಿಯೊಳಗೆ ಬಗ್ಗಿ ಕರಡಿಗೆ ತೆಗೆದರು.

ಕವನ ಕಾಂಪೌಂಡಿನ ಮೇಲಿನ ಮುಳ್ಳುತಂತಿಯನ್ನು ನೋಡುತ್ತಾ ನಿಂತಳು. ತಂತಿಗೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡು ಗಾಳಿಗೆ ಬಡಿಯುತ್ತಿತ್ತು. ಮಂತ್ರ ಮತ್ತೆ ಶುರುವಾಗಲಿಲ್ಲ. ಅವಳು ಕೆಳಗೆ ನೋಡಲೇಬೇಕಾಯಿತು.

ಅಯ್ಯನವರ ಕೈ ನಿಂತಿತ್ತು. ಅಂಗೈಯಲ್ಲಿ ಲೇಪವಿಲ್ಲದ ಕಲ್ಲು. ಅದರ ಬುಡದಲ್ಲಿ ಒಂದೆರಡು ಮರಳು ಕಾಳು ಅಂಟಿಕೊಂಡಿದ್ದವು. ಅವರು ತಲೆ ಎತ್ತಿ ಕುಣಿಯ ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಗವಿಸಿದ್ದಯ್ಯ ಕಣ್ಣು ಮುಚ್ಚಿದ್ದ. ಶಶಿಕಿರಣ್ ಅಳುತ್ತಿದ್ದ. ದೂರದಲ್ಲಿ, ರಸ್ತೆಯ ಅಂಚಿನಲ್ಲಿ, ತಾಜ್ ಪಾಷಾ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಆ ನೋಟ ತನ್ನ ಹತ್ತಿರ ಬಂದಾಗ ಕವನ ಮುರಿದ ಉಗುರನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಯಾಕಯ್ಯ, ಏನಾಯ್ತು?" ಚೆನ್ನಾಜಮ್ಮ ಕುಣಿಯ ಅಂಚಿಗೆ ಬಂದು ಬಗ್ಗಿದಳು. "ಬೆಳ್ಳಗೆ ಕಾಣ್ತದಲ್ಲ ಅದು?"

ಅಯ್ಯನವರು ಮುಷ್ಟಿ ಮುಚ್ಚಿದರು. ಒಳಗಿನ ಬಿಸಿಯನ್ನು ನೋಡುವವರಂತೆ ಮುಷ್ಟಿಯನ್ನು ಹಾಗೇ ಹಿಡಿದುಕೊಂಡಿದ್ದರು.

"ತಾಯಿ ಮೈಕಾವು ಇನ್ನೂ ಆರಿಲ್ಲ ಕಣವ್ವ," ಎಂದರು. "ವಿಭೂತಿ ಕೊಡಿ."

ಯಾರೋ ತಟ್ಟೆ ಮುಂದೆ ಹಿಡಿದರು. ಅವರು ಹಿಡಿ ತುಂಬ ತೆಗೆದುಕೊಂಡು ಕಲ್ಲು ಕಾಣದ ಹಾಗೆ ಬಳಿದರು. ಬಸವಲಿಂಗಮ್ಮನ ಎಡಗೈಯನ್ನು ಬಿಡಿಸಿ, ಅದರಲ್ಲಿ ಇಟ್ಟು, ಸೆಟೆದ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಮಂತ್ರ ಶುರುವಾಯಿತು. ಉಪ್ಪು ಬಿತ್ತು, ಬಿಲ್ವಪತ್ರೆ ಬಿತ್ತು, ಮಣ್ಣು ಬಿತ್ತು.

ಅಯ್ಯನವರಿಗೆ ಏನು ತಿಳಿಯಿತೋ ಕವನಳಿಗೆ ತಿಳಿಯಲಿಲ್ಲ. ಹೊರಡುವಾಗ ಅವರು ಎಲ್ಲರಿಗೂ ಹೇಳಿದ ಹಾಗೆ ಅವಳಿಗೂ ಒಳ್ಳೆಯದಾಗಲಿ ಎಂದು ಹೇಳಿದರು. ತಾಜ್ ಪಾಷಾ ಕತ್ತಲಾಗುವ ಮುಂಚೆ ಯಾರಿಗೂ ಹೇಳದೆ ಹೋದ.

*

ಭಾನುವಾರ ಸತ್ತವಳ ಹೆಸರಿನಲ್ಲಿ ಗಣಾರಾಧನೆಯ ಊಟ ಮುಗಿಯಿತು. ಮಾರನೆಯ ದಿನ ಬೆಳಗಿನ ಜಾವ ಚೆನ್ನಾಜಮ್ಮ ಸಾತನೂರಿನ ದಾರಿ ಹಿಡಿಯಲು ಚೀಲ ಕಟ್ಟಿಕೊಂಡಳು. ಹೇಳಿ ಹೋಗೋಣವೆಂದು ಸೊಸೆಯನ್ನು ಹುಡುಕಿದರೆ ಕೋಣೆಯಲ್ಲಿ ಮಗು ಒಂದೇ ಮಲಗಿತ್ತು. ಹಿತ್ತಿಲಲ್ಲಿ ಬೆಳಕು ಕಂಡು ಅಲ್ಲಿಗೆ ಹೋದಳು.

ಕವನ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಹಿಪ್ಪುನೇರಳೆ ಕಡ್ಡಿ ಚಟಚಟ ಉರಿಯುತ್ತಿತ್ತು. ಒಲೆಯ ಮೇಲೆ ದಬರಿ ಇತ್ತು, ಮುಚ್ಚಳ ಹಾಕಿತ್ತು.

"ಇಷ್ಟೊತ್ಗೇ ಏನ್ ಹುರೀತಿದ್ದೀಯೇ?"

"ಕಡ್ಲೆಕಾಯಿ, ಅತ್ತೆ."

"ನಿಮ್ಮತ್ತೆದೇ ಚಾಳಿ ಬಂತು ಬುಡು ನಿಂಗೂ," ಎಂದಳು ಚೆನ್ನಾಜಮ್ಮ. ಮಗುವನ್ನು ನೋಡಿಕೋ, ಗಾಳಿಗೆ ಕಿವಿ ಮುಚ್ಚಿಸು ಎಂದೂ ಹೇಳಿದಳು.

ಕವನ ತಲೆಯಾಡಿಸಿದಳು, ತಿರುಗಿ ನೋಡಲಿಲ್ಲ. ಅವಳ ಬಲಗೈ ಕಡ್ಡಿಯನ್ನು ಒಲೆಯೊಳಕ್ಕೆ ನೂಕುತ್ತಿತ್ತು. ಎಡಗೈ ಕೊರಳಿನ ಹತ್ತಿರ, ತಿರುಪು ಸಡಿಲಾಗಿದ್ದ ತನ್ನ ಕರಡಿಗೆಯ ಮೇಲಿತ್ತು. ಅದನ್ನು ಅವಳು ಎರಡು ಬೆರಳಿನಲ್ಲಿ ಹಿಡಿದು, ಹಗುರವೋ ಭಾರವೋ ಎಂದು ನೋಡುವವಳಂತೆ ತೂಗುತ್ತಿದ್ದಳು.

ಚೆನ್ನಾಜಮ್ಮ ಸೋಮವಾರದ ಮೊದಲ ಬಸ್ಸಿಗೆ ಹೊರಟುಹೋದಳು.